ಮುರಿದ ಕೀಲಿನಲ್ಲಿ ಎಷ್ಟು ಜೂಲ್?

ಎರಡು ಕೇಸ್ ಅಂದುಕೊಳ್ಳಿ. ಕುಷ್ಟಗಿ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ 20ರ ಹುಡುಗ; ಯಲಬುರ್ಗಾ ಕಡೆ ಹೊಲದ ಬದುವಿನಲ್ಲಿ ಕಾಲು ಜಾರಿದ 70ರ ಅಜ್ಜಿ. ಇಬ್ಬರಿಗೂ ಮುರಿದದ್ದು ಟಿಬಿಯಾ ಮೂಳೆಯ ಕೆಳತುದಿ, ಪಾದದ ಕೀಲು ಕೂಡುವ ಜಾಗ. ಎಕ್ಸ್-ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಹಾಗಾದ್ರೆ ಬಿದ್ದ ಪೆಟ್ಟೂ ಒಂದೇನಾ?

ವೈದ್ಯರು ಮುರಿತವನ್ನು ವಿಧಗಳಾಗಿ ವಿಂಗಡಿಸುತ್ತಾರೆ. ಈ ಜಾಗದ ಮುರಿತಕ್ಕೆ ರೂಡಿ ಮತ್ತು ಆಲ್ಗೋವರ್ 1969ರಲ್ಲಿ 3 ವಿಧ ಹೇಳಿದರು. ಮೊಣಕಾಲಿನ ಕಡೆಯ ತುದಿಗೆ ಶಾಟ್ಸ್ಕರ್ 1979ರಲ್ಲಿ 6 ವಿಧ ಹೇಳಿದರು. ಉಪಯೋಗ ಇದೆ, ಆದರೆ ಒಂದೇ ಫಿಲ್ಮ್ ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ವಿಧ ಹೇಳುವುದೂ ಇದೆ. ಕಣ್ಣಂದಾಜಿಗೆ ಯೂನಿಟ್ ಇಲ್ಲ ನೋಡ್ರಿ.

ಯೂನಿಟ್ ಸಿಗುವುದು ನಮ್ಮ ಮೆಕ್ಯಾನಿಕ್ಸ್‌ನಲ್ಲಿ. ಕಡಕ್ ರೊಟ್ಟಿ ಎರಡು ತುಂಡಾಗಲು ಸ್ವಲ್ಪ ಬಲ ಸಾಕು. ಪುಡಿಯಾಗಲು ಜೋರಾಗಿ ಗುದ್ದಬೇಕು. ಬಿರುಕು ಬಿಟ್ಟಲ್ಲೆಲ್ಲ ಹೊಸ ಮೇಲ್ಮೈ ಹುಟ್ಟುತ್ತದೆ, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಗ್ರಿಫಿತ್ 1921ರಲ್ಲಿ ಗಾಜಿನ ಬಿರುಕಿಗೆ ಹೇಳಿದ್ದು ಇದನ್ನೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ ಇದನ್ನು ಮೂಳೆಗೆ ಅನ್ವಯಿಸಿತು: ಸಿಟಿ ಸ್ಕ್ಯಾನಿನಿಂದ ಮುರಿದ ಕಾಲಿನ ಮೂಳೆಯ ಒಟ್ಟು ಮೇಲ್ಮೈ ಅಳೆದು, ಅದರಲ್ಲಿ ಇನ್ನೊಂದು ಸರಿಯಿರುವ ಕಾಲಿನದನ್ನು ಕಳೆಯುವುದು. ಉಳಿದದ್ದೇ ಹೊಸ ಮೇಲ್ಮೈ.

ಶಕ್ತಿ = ಹೊಸ ಮೇಲ್ಮೈ × ಪ್ರತಿ ಚದರ ಸೆಂ.ಮೀ.ಗೆ ಬೇಕಾದ ಶಕ್ತಿ

ಎರಡನೆಯ ಅಂಶ ಮೂಳೆಯ ಸಾಂದ್ರತೆಯನ್ನು ಅವಲಂಬಿಸಿದೆ. ಸಾಂದ್ರತೆಯೂ ಸಿಟಿಯಲ್ಲೇ ಸಿಗುತ್ತದೆ. ಇಬ್ಬರಿಗೂ 20 ಚದರ ಸೆಂ.ಮೀ. ಹೊಸ ಮೇಲ್ಮೈ ಇದೆ ಅನ್ನಿ. ಲೆಕ್ಕಕ್ಕಾಗಿ ಹುಡುಗನ ಗಟ್ಟಿ ಮೂಳೆಗೆ ಚದರ ಸೆಂ.ಮೀ.ಗೆ 1 ಜೂಲ್, ಅಜ್ಜಿಯ ಸವೆದ ಮೂಳೆಗೆ ಅರ್ಧ ಜೂಲ್ ಇಟ್ಟುಕೊಳ್ಳೋಣ. ಉತ್ತರ 20 ಜೂಲ್ ಮತ್ತು 10 ಜೂಲ್. ಚಿತ್ರ ಒಂದೇ, ಪೆಟ್ಟು ಎರಡು ಪಟ್ಟು.

ಇದರಿಂದ ಏನು ಲಾಭ? ಪೆಟ್ಟಿನ ಶಕ್ತಿ ಮೂಳೆಯಲ್ಲಿ ನಿಲ್ಲುವುದಿಲ್ಲ. ಕೀಲಿನ ಮೃದ್ವಸ್ಥಿಯ ಜೀವಕೋಶಗಳನ್ನೂ ಕೊಲ್ಲುತ್ತದೆ. ಚೂರುಗಳನ್ನು ಚೆನ್ನಾಗಿ ಜೋಡಿಸಿದರೂ ವರ್ಷಗಳ ನಂತರ ಕೀಲು ಸವೆದು ನೋವು ಶುರುವಾಗಬಹುದು. ಯಾರಿಗೆ ಆ ಅಪಾಯ ಹೆಚ್ಚು ಎಂದು ಮೊದಲೇ ಅಂದಾಜಿಸಲು ಈ ಅಂಕಿ ನೆರವಾಗುತ್ತದೆ. ಹಾಗಂತ 10 ಜೂಲ್ ಎಂದರೆ ಸಲೀಸು ಅಂತಲ್ಲ: ಸವೆದ ಮೂಳೆಯಲ್ಲಿ ಸ್ಕ್ರೂ ಗಟ್ಟಿಯಾಗಿ ಹಿಡಿಯುವುದಿಲ್ಲ.

ಕೊನೆಗೊಂದು ಲೆಕ್ಕ. ಗಂಗಾವತಿಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಬರುವ 60 ಕೆ.ಜಿ. ದೇಹಕ್ಕೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುಮಾರು 2,080 ಜೂಲ್ ಚಲನಶಕ್ತಿ ಇರುತ್ತದೆ; 60ಕ್ಕೆ ಏರಿಸಿದರೆ 8,330. ಕೀಲು ಪುಡಿಯಾಗಲು ಅದರ ಚಿಕ್ಕ ಪಾಲು ಸಾಕು. ಹೆಲ್ಮೆಟ್ ತಲೆ ಕಾಯುತ್ತದೆ, ಕಾಲು ಕಾಯಲು ವೇಗವನ್ನೇ ಇಳಿಸಬೇಕು.