ವೇಗ ಯಾರ ಕೈಯಲ್ಲಿದೆ

ಟ್ರೆಡ್‌ಮಿಲ್ ಮೇಲಿನ ಓಟ ಓಟವೇ ಅಲ್ಲ, ಬೆಲ್ಟೇ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನಾವು ಬರೀ ಕಾಲೆತ್ತಿ ಇಟ್ಟರೆ ಸಾಕು ಎನ್ನುವ ಮಾತು ಓಡುವವರ ನಡುವೆ ಬಹಳ ಹಳೆಯದು. ಎರಡೂ ಕಡೆ ಓಡುತ್ತ ಬಂದ ನಾನೂ ಇದನ್ನು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಒಂದೇ ವೇಗದಲ್ಲಿ ಸಾಗುವ ರೈಲಿನೊಳಗೆ ನಡೆದಾಡಲು ಹೆಚ್ಚು ಶ್ರಮವೂ ಬೇಡ, ಕಡಿಮೆ ಶ್ರಮವೂ ಸಾಲದು. ಹಾಗೆಯೇ ಒಂದೇ ವೇಗದಲ್ಲಿ ಉರುಳುವ ಬೆಲ್ಟ್ ಕೂಡ ಅದರ ಮೇಲಿರುವವರ ಕಾಲಿಗೆ ಗಟ್ಟಿ ನೆಲವೇ. ನಿಜವಾಗಿ ಕಡಿತವಾಗುವುದು ಗಾಳಿಯ ತಡೆ. ಅದೆಷ್ಟು ಎಂಬುದನ್ನು ಇಂಗ್ಲೆಂಡಿನ ಸಂಶೋಧಕರಾದ ಜೋನ್ಸ್ ಮತ್ತು ಡೌಸ್ಟ್ 1996ರಲ್ಲಿ ಅಳೆದು ತೋರಿಸಿದರು: ಟ್ರೆಡ್‌ಮಿಲ್ಲಿಗೆ ಶೇ. 1ರಷ್ಟು ಏರು ಕೊಟ್ಟರೆ ದೇಹ ಬಳಸುವ ಆಮ್ಲಜನಕ ರಸ್ತೆಯ ಓಟದ್ದಕ್ಕೆ ಸರಿಹೊಂದುತ್ತದೆ. ಜಿಮ್‌ಗಳಲ್ಲಿ ಎಲ್ಲರಿಗೂ ಹೇಳಿಕೊಡುವ ‘ಒಂದು ಪರ್ಸೆಂಟ್’ ನಿಯಮದ ಮೂಲ ಇದು. ಅವರು ಪರೀಕ್ಷಿಸಿದ್ದು ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದ ಓಟವನ್ನು, ಅದರಲ್ಲೂ ನಿಧಾನದ ತುದಿಯಲ್ಲಿ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವವರ ವೇಗ ಗಂಟೆಗೆ 8.6 ಕಿ.ಮೀ. ಮಾತ್ರ. ಅವರು ಆ ಒಂದು ಪರ್ಸೆಂಟಿಗೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೃದ್ರೋಗ ತಜ್ಞರು ಟಿಎಂಟಿ ಪರೀಕ್ಷೆಗೆ ಇದೇ ಯಂತ್ರದ ಮೇಲೆ ನಡೆಸಿ, ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೋಗುವುದು ಅದರ ಮೇಲಿನ ಶ್ರಮ ನಿಜವಾದ ಶ್ರಮ ಎಂಬ ಕಾರಣಕ್ಕೇ.

ಹಾಗಾದರೆ ಎರಡೂ ಒಂದೆಯೇ? ಅಲ್ಲ. ವ್ಯತ್ಯಾಸವನ್ನು ನಾವು ತಪ್ಪಾದ ಜಾಗದಲ್ಲಿ, ಅಂದರೆ ಕ್ಯಾಲೊರಿಯಲ್ಲಿ ಹುಡುಕುತ್ತಿದ್ದೇವೆ. ಅದು ಇರುವುದು ವೇಗವನ್ನು ಯಾರು ಹಿಡಿದಿದ್ದಾರೆ ಎಂಬುದರಲ್ಲಿ. ಟ್ರೆಡ್‌ಮಿಲ್ ಮೇಲೆ ಬೆರಳು ಒಮ್ಮೆ ಗುಂಡಿ ಒತ್ತುತ್ತದೆ, ಆಮೇಲೆ ಕಾಲು ಹೇಳಿದಂತೆ ಕೇಳುತ್ತದೆ. ಹೊರಗೆ ಹೆಜ್ಜೆ ಹೆಜ್ಜೆಗೂ ವೇಗವನ್ನು ಹೊಸದಾಗಿ ನಿರ್ಧರಿಸಬೇಕು. ಸ್ವಲ್ಪ ಮೈಮರೆತರೆ ಇಳಿಯುತ್ತದೆ, ಪಕ್ಕದಲ್ಲಿ ಯಾರಾದರೂ ದಾಟಿ ಹೋದರೆ ಅರಿವಿಲ್ಲದೆ ಏರುತ್ತದೆ. ಈ ನಿರ್ಧಾರ ಮಾಡುವ ಅರಿವು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ. ನೆಲದ ಮೇಲೆ ಓಡಿದಷ್ಟೇ ವೇಗ ಅನ್ನಿಸುವಂತೆ ಟ್ರೆಡ್‌ಮಿಲ್ ಮೇಲೆ ಓಡಿ ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೇಳಿದಾಗ, ಜನ ಆರಿಸಿಕೊಂಡದ್ದು ಗಣನೀಯವಾಗಿ ನಿಧಾನವಾದ ವೇಗವನ್ನು. ಸುತ್ತಲ ಮರ, ಕಂಬ, ಗೋಡೆ ಹಿಂದೆ ಸರಿಯುವುದು, ಮುಖಕ್ಕೆ ಗಾಳಿ ಬಡಿಯುವುದು, ಇವೆಲ್ಲ ಸೇರಿಯೇ ‘ಇಷ್ಟು ವೇಗ’ ಎಂಬ ಅಂದಾಜು ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ. 10ಕೆ ಓಟದಲ್ಲಿ ಜಿಮ್ಮಿನಿಂದ ನೇರ ಬಂದವರು ಮೊದಲ ಎರಡು ಕಿಲೋಮೀಟರು ಹಾರಿ, ಏಳನೆಯದರಲ್ಲಿ ನಡೆಯತೊಡಗುವುದಕ್ಕೆ ದಮ್ಮಿನ ಕೊರತೆಯಷ್ಟೇ ಕಾರಣವಲ್ಲ. ವೇಗವನ್ನು ಹಿಡಿದಿಡುವ ಕೆಲಸವನ್ನು ಅವರ ಮೈಗೆ ಯಾರೂ ಒಪ್ಪಿಸಿರಲಿಲ್ಲ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಉದಾಹರಣೆಯನ್ನು ಕೊಡುತ್ತಾರೆ. ಅಲಾಸ್ಕಾದ ಆಂಕರೇಜ್‌ನ ವೈದ್ಯೆ ಕ್ರಿಸ್ಟೀನ್ ಕ್ಲಾರ್ಕ್ ಚಳಿಗಾಲದ ತಾಲೀಮನ್ನು ಹೆಚ್ಚಾಗಿ ಟ್ರೆಡ್‌ಮಿಲ್ ಮೇಲೆಯೇ ಮಾಡಿ, 2000ದಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಮ್ಯಾರಥಾನನ್ನು ಗೆದ್ದರು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಅಂದು ಸೌತ್ ಕ್ಯಾರೊಲಿನಾದ ಕೊಲಂಬಿಯಾದಲ್ಲಿ ಸೆಕೆ ಜೋರಾಗಿತ್ತು. ಗಾಳಿಯಾಡದ ಬೆಚ್ಚನೆಯ ಕೋಣೆಯಲ್ಲಿ ಓಡಿ ಓಡಿ ಅವರ ಮೈ ಸೆಕೆಗೆ ಪಳಗಿತ್ತು ಎಂಬ ವಿವರಣೆ ನನಗೆ ಸರಿ ಎನಿಸುತ್ತದೆ. ಟ್ರೆಡ್‌ಮಿಲ್ ಮೇಲೆ ನಾವು ಮುಂದೆ ಸಾಗುವುದಿಲ್ಲವಾದ್ದರಿಂದ ಮೈಗೆ ಗಾಳಿ ತಾಗುವುದಿಲ್ಲ, ಬೆವರು ಆರುವುದಿಲ್ಲ. ಅದೇ ವೇಗದಲ್ಲಿ ಎದೆಬಡಿತ ಹೆಚ್ಚುವುದೂ ಇದರಿಂದಲೇ. ಆದರೆ ಆ ಆಯ್ಕೆ ಓಟಕ್ಕೆ ಅರ್ಹತೆ ಸಿಗಬೇಕಾದರೆ ಅದಕ್ಕೆ ಮುಂಚೆ ರಸ್ತೆಯ ಮೇಲೆ ಮ್ಯಾರಥಾನ್ ಓಡಿ ತೋರಿಸಿರಬೇಕಿತ್ತು. ಕ್ಲಾರ್ಕ್ ವೇಗದ ಅರಿವನ್ನು ಮೊದಲೇ ಗಳಿಸಿಕೊಂಡು ಯಂತ್ರ ಹತ್ತಿದವರು. ಗಳಿಸಿದ್ದನ್ನು ಯಂತ್ರ ಕಾಪಾಡಬಲ್ಲದು ಎಂಬುದಕ್ಕೆ ಅವರು ಸಾಕ್ಷಿ. ಇಲ್ಲದ್ದನ್ನು ಅದು ಕಲಿಸಬಲ್ಲದು ಎಂಬುದಕ್ಕೆ ಅಲ್ಲ.

ಮೊಣಕಾಲಿನ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ಬೆಲ್ಟ್ ಮೆತ್ತಗಿದೆ, ಡಾಂಬರು ಗಟ್ಟಿ, ಆದ್ದರಿಂದ ಕೀಲಿಗೆ ಟ್ರೆಡ್‌ಮಿಲ್ಲೇ ಒಳ್ಳೆಯದು ಎನ್ನುತ್ತಾರೆ. ಆದರೆ ನೆಲ ಮೆತ್ತಗಾದರೆ ಕಾಲು ತಾನೇ ಬಿಗಿಯಾಗುತ್ತದೆ, ನೆಲ ಗಟ್ಟಿಯಾದರೆ ಸಡಿಲಗೊಳ್ಳುತ್ತದೆ. ಹಾಗಾಗಿ ನೆಲದ ಗಡಸು ಇದ್ದ ಹಾಗೆ ಮೊಣಕಾಲಿಗೆ ತಲುಪುವುದಿಲ್ಲ. ಹೋಲಿಕೆಯ ಅಧ್ಯಯನಗಳೆಲ್ಲವನ್ನೂ ಒಟ್ಟಿಗಿಟ್ಟು 2020ರಲ್ಲಿ ಮಾಡಿದ ಪರಿಶೀಲನೆ ಎರಡೂ ಓಟಗಳ ಚಲನೆ ಬಹುಮಟ್ಟಿಗೆ ಒಂದೇ ಎಂದಿತು. ಟ್ರೆಡ್‌ಮಿಲ್ ಮೇಲೆ ಪಾದ ಸ್ವಲ್ಪ ಚಪ್ಪಟೆಯಾಗಿ ಊರುತ್ತದೆ, ಮೈ ಕಡಿಮೆ ಪುಟಿಯುತ್ತದೆ, ಅಷ್ಟೆ. ನನ್ನನ್ನು ಇದಕ್ಕಿಂತ ಕಾಡುವುದು ಇಳಿಜಾರು. ಸಾಮಾನ್ಯ ಟ್ರೆಡ್‌ಮಿಲ್ ಏರುತ್ತದೆ, ಇಳಿಯುವುದಿಲ್ಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕಿನ ಕೆಲಸ ಮಾಡಬೇಕು, ಅಭ್ಯಾಸವಿಲ್ಲದವರಿಗೆ ಮಾರನೆಯ ದಿನ ಮೆಟ್ಟಿಲಿಳಿಯುವುದೂ ಕಷ್ಟ. ಒಳ್ಳೆಯ ಸುದ್ದಿಯೆಂದರೆ ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಹಲವು ವಾರ ಅದೇ ಹೊರೆಯನ್ನು ಅಷ್ಟು ನೋವಿಲ್ಲದೆ ತಡೆಯುತ್ತದೆ. ಬೆಂಗಳೂರಿನಂಥ ಏರಿಳಿತದ ಊರಿನಲ್ಲಿ, ಮಡಿಕೇರಿಯಲ್ಲಂತೂ, ಈ ಪಾಠವನ್ನು ಬಿಟ್ಟುಕೊಡಲಾಗದು.

ಇನ್ನುಳಿದ ಆಕ್ಷೇಪಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಬೆಳಗಿನ ಕತ್ತಲೆಯಲ್ಲಿ ಒಂಟಿಯಾಗಿ ಓಡುವ ಹೆಣ್ಣುಮಗಳಿಗೆ, ಬೀದಿನಾಯಿಗಳ ಗುಂಪಿಗೆ ಹೆದರುವವರಿಗೆ, ಫುಟ್‌ಪಾತೇ ಇಲ್ಲದ ರಿಂಗ್ ರೋಡ್ ಬದಿಯ ಬಡಾವಣೆಯವರಿಗೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯವರಿಗೆ ‘ಹೊರಗೆ ಓಡಿ’ ಎಂದು ಬೋಧಿಸುವ ಹಕ್ಕು ಯಾರಿಗೂ ಇಲ್ಲ. ಗಾಳಿಯ ಮಾತೂ ಹಾಗೆಯೇ. ಗಾಳಿಯಲ್ಲಿ ತೇಲುವ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿ ಘನಮೀಟರಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ್ದು 60. ಓಡುವವರು ಕೂತವರಿಗಿಂತ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತಾರೆ. ಇಂಥ ಕಡೆ ಟ್ರೆಡ್‌ಮಿಲ್ ಎರಡನೆಯ ದರ್ಜೆಯ ಓಟವಲ್ಲ, ಅದೇ ಸರಿಯಾದ ಓಟ. ಹೃದಯಕ್ಕಾಗಿ ಓಡುವವರಿಗೆ ವಾರಕ್ಕೆ 75 ನಿಮಿಷ ಬಿರುಸಿನ ವ್ಯಾಯಾಮ ಬೇಕು, ಅದು ಎಲ್ಲಿ ಆಯಿತೆಂದು ಹೃದಯ ಕೇಳುವುದಿಲ್ಲ. ಆದರೆ ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿ ಹತ್ತಿರವಿದ್ದವರ ಭಾಗ್ಯ ಉಳಿದವರಿಗೆ ಯಾಕಿಲ್ಲ ಎಂದು ಕೇಳಬೇಕಾದವರು, ನೆರಳು, ದೀಪ ಮತ್ತು ಮಣ್ಣಿನ ದಾರಿಯನ್ನು ಪ್ರತಿ ಬಡಾವಣೆಗೂ ಬೇಡಬೇಕಾದವರು, ಜಿಮ್ಮಿನ ಬಾಗಿಲು ಮುಚ್ಚಿಕೊಂಡು ಸಮಾಧಾನಪಟ್ಟರೆ ನನಗೆ ಬೇಸರವಾಗುತ್ತದೆ.

ಯಂತ್ರವನ್ನೇ ನೆಚ್ಚಿಕೊಂಡವರು ಓಟದ ದಿನಕ್ಕೆ ಎರಡು ತಿಂಗಳಿದ್ದಾಗಿನಿಂದ ವಾರಕ್ಕೆ ಒಂದೇ ಒಂದು ದಿನ ಹೊರಗೆ ಹೋಗಲಿ. ಕಿಲೋಮೀಟರು ಮುಗಿದಾಗ ವಾಚು ನೋಡುವ ಮೊದಲು ಎಷ್ಟು ನಿಮಿಷವಾಯಿತೆಂದು ಊಹಿಸಿ, ಆಮೇಲೆ ನೋಡಲಿ. ಮೊದಮೊದಲು ಊಹೆಗೂ ವಾಚಿಗೂ ಅರ್ಧ ನಿಮಿಷದ ಅಂತರ ಬಂದರೆ ಅಚ್ಚರಿಯಿಲ್ಲ. ಅದು ಹತ್ತು ಸೆಕೆಂಡಿಗೆ ಇಳಿದ ವಾರ 10ಕೆಗೆ ಹೆಸರು ಕೊಡಬಹುದು.