ಇಂದಿನ ಧಮ್ಮ ಚಿಂತನೆ: ಅವ್ವನ ಟ್ರಂಕು

 

ಹೋದ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಸಿರುಗುಪ್ಪದಿಂದ ಬಂದಿದ್ದ ಒಬ್ಬ ತಾಯಿ ಕೇಳಿದರು: "ಸರ, ಕಷ್ಟ ಬಂದಾಗ ಬ್ಯಾರೆಯವ್ರು ದೇವರ ಮ್ಯಾಲೆ ಭಾರ ಹಾಕ್ತಾರ. ನಾವು ದೇವರನ್ನ ಬಿಟ್ಟೀವಿ. ನಮ್ಮ ಭಾರ ಯಾರ ಮ್ಯಾಲೆ ಹಾಕಬೇಕ್ರಿ?" ಆ ತಾಯಿ ಯಜಮಾನರನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿಲ್ಲ. ನಾನು ಮೇಷ್ಟ್ರಲ್ಲವೇ, ಪುಸ್ತಕದ ಉತ್ತರ ಕೊಟ್ಟೆ. ಅತ್ತದೀಪ, ನಮಗೆ ನಾವೇ ದೀಪ ಅಂದೆ. ಅವರು ತಲೆಯಾಡಿಸಿದರು. ಆದರೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಬಳ್ಳಾರಿಯ ಮನೆಗೆ ಬರುವಷ್ಟರಲ್ಲಿ ನನಗೂ ಆ ಉತ್ತರ ಸಾಲದು ಅನ್ನಿಸಿತು. ಅದಕ್ಕೇ ಇವತ್ತು ಸೂತ್ರದ ವಿವರಣೆ ಬಿಟ್ಟು ನಮ್ಮ ಮನೆಯದೇ ಮಾತು ಬರೆಯುತ್ತಿದ್ದೇನೆ.

ಅವ್ವ ತೀರಿಕೊಂಡ ಮೂರು ತಿಂಗಳಿಗೆ ಕುರುಗೋಡಿನ ಮನೆ ಖಾಲಿ ಮಾಡಬೇಕಾಯಿತು. ಸಿರುಗುಪ್ಪಕ್ಕೆ ಕೊಟ್ಟಿರುವ ಅಕ್ಕ ಬಂದಳು. ಇಬ್ಬರೂ ಸೇರಿ ಅಟ್ಟದಿಂದ ಸಾಮಾನು ಇಳಿಸಿದೆವು. ಸ್ಟೀಲಿನ ಲೋಟಗಳೇ ನಲವತ್ತೆರಡು. ತಟ್ಟೆ, ತಂಬಿಗೆ, ಕೊಡ, ಡಬ್ಬಿ ಲೆಕ್ಕವಿಲ್ಲ. ಎಲ್ಲ ಮುಯ್ಯಿಯಲ್ಲಿ ಬಂದವು, ಕೊಟ್ಟವರ ಹೆಸರು ಕೆತ್ತಿಸಿದವು. ಒಂದನ್ನೂ ಅವ್ವ ಬಳಸಿರಲಿಲ್ಲ. ಸಾಯೋತನಕ ಅವಳು ಉಂಡಿದ್ದು ನೆಗ್ಗಿದ ಅಲ್ಯೂಮಿನಿಯಂ ತಟ್ಟೆಯಲ್ಲಿ. ಯಾಕವ್ವಾ ಅಂದರೆ "ಬಂದೋರಿಗೆ ಬೇಕಾಗ್ತಾವ ಬಿಡೋ" ಅನ್ನುತ್ತಿದ್ದಳು.

ನನಗೆ ಆಗ ಸಿಟ್ಟು ಬರುತ್ತಿತ್ತು. ಇಷ್ಟೊಂದು ಸಾಮಾನು ಕೂಡಿಡುವುದೇ ತೃಷ್ಣೆ ಎಂದು ಅವ್ವನಿಗೇ ಪಾಠ ಹೇಳಿದ್ದುಂಟು. ಈಗ ನಾಚಿಕೆಯಾಗುತ್ತದೆ. ಅವಳ ಕಾಲದಲ್ಲಿ ಚಹಾದ ಅಂಗಡಿಯಲ್ಲಿ ನಮ್ಮವರಿಗೆ ಬೇರೆ ಲೋಟ. ಕುಡಿದು, ತಾವೇ ತೊಳೆದು, ಹೊರಗೆ ಕವುಚಿ ಇಡಬೇಕಿತ್ತು. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಒಡೆದ ಪಾತ್ರೆಯನ್ನೇ ವಿಧಿಸುತ್ತದೆ, ಆಸ್ತಿ ಎಂದರೆ ನಾಯಿ ಮತ್ತು ಕತ್ತೆ ಎನ್ನುತ್ತದೆ. ಅಂಥ ಚರಿತ್ರೆ ಇರುವ ಮನೆಯಲ್ಲಿ ನಲವತ್ತೆರಡು ಹೊಳೆಯುವ ಲೋಟ ಅಂದರೆ ಬರೀ ಲೋಟವಲ್ಲ. ಉಂಡು ತೇಗುವವರು ಬಂದು ನಮಗೆ "ಸರಳವಾಗಿ ಬದುಕಿ" ಅಂದರೆ ನಾವು ಒಪ್ಪಬೇಕಾಗಿಲ್ಲ. ಬಾಬಾಸಾಹೇಬರೂ ಬಡತನವನ್ನು ಹೊಗಳಿದವರಲ್ಲ. ಅನಾಥಪಿಂಡಿಕನಿಗೆ ಭಗವಾನರು ಗೃಹಸ್ಥನ ನಾಲ್ಕು ಸುಖ ಹೇಳುವಾಗ ನ್ಯಾಯವಾಗಿ ಗಳಿಸಿದ್ದು ಕೈಯಲ್ಲಿರುವುದೂ ಒಂದು ಸುಖ, ಅದನ್ನು ಅನುಭವಿಸುವುದೂ ಒಂದು ಸುಖ ಅಂದರು. ಮೂರನೆಯದು ಸಾಲವಿಲ್ಲದಿರುವುದು. (ಮಗಳ ಆರತಿಗೆ ಸಂಘದ ಸಾಲ ಎತ್ತಿ ವಾರವಾರ ಕಂತಿಗೆ ಒದ್ದಾಡುವ ಬಂಧುಗಳು ಇದನ್ನು ಎರಡು ಸಲ ಓದಲಿ.) ನಾಲ್ಕನೆಯದು ನಿಂದೆಗೆ ಎಡೆಯಿಲ್ಲದ ನಡತೆ.

ಹಾಗಾದರೆ ಕಡಿಮೆ ಸಾಮಾನು ಎಂಬ ಮಾತು ನಮ್ಮದಲ್ಲವೇ? ನಮ್ಮದೇ. ಅಕ್ಕನ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ, ತುಂಗಭದ್ರೆಯ ದಂಡೆಯ ಕಡೆ, ಸಾಮ್ರಾಟ ಅಶೋಕನ ಶಾಸನವಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬ ಭಾವ ಅದರಲ್ಲಿದೆ. ನಮ್ಮಿಂದ ಆಂಧ್ರದ ಕಡೆ ಹೋದರೆ ಗುತ್ತಿಯ ಹತ್ತಿರ ಎರ್ರಗುಡಿ. ಅಲ್ಲಿನ ಬಂಡೆಯ ಮೇಲೆ ಅವನ ಮೂರನೆಯ ಶಾಸನವೂ ಇದೆ. ತಂದೆತಾಯಿಯ ಸೇವೆ, ಜೀವಿಗಳನ್ನು ಕೊಲ್ಲದಿರುವುದು ಇವುಗಳ ಜೊತೆಗೆ ಅಲ್ಪ ವೆಚ್ಚ, ಅಲ್ಪ ಸಾಮಾನು ಒಳ್ಳೆಯದು ಎನ್ನುತ್ತದೆ. 'ಅಪಭಾಂಡತಾ' ಎಂಬುದು ಅಲ್ಲಿನ ಪದ. ನಾವು ಭಾಂಡೆ ಸಾಮಾನು ಅನ್ನುತ್ತೇವಲ್ಲ, ಅದೇ ಭಾಂಡ! ಕನ್ನಡ ಎಂ.ಎ. ಓದಿದವನಿಗೆ ಇದಕ್ಕಿಂತ ಖುಷಿ ಬೇಕೇ? ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದೇ ದಿನಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೆ, ಜಾತಿಯ ಗುರುತಾಗಿ ಮೈಮೇಲೆ ಹೇರಿಕೊಂಡ ಸರ, ಬಳೆಗಳನ್ನು ತೆಗೆದುಹಾಕಿ, ಶುಭ್ರವಾಗಿ ಉಡಿ ಅಂದರು. ಅವರು ಇಳಿಸಿ ಅಂದದ್ದು ಅವಮಾನದ ಹೊರೆಯನ್ನು.

ಇನ್ನು ಟ್ರಂಕಿನ ಮಾತು. ಅದರಲ್ಲಿ ಮೇಲೆ ಅವ್ವನ ಸೀರೆಗಳು, ಕೆಳಗೆ ನನ್ನ ತಮ್ಮನ ಅಂಗಿಗಳು. ತಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಒಂದೊಂದನ್ನೂ ಒಗೆದು ಮಡಿಚಿ ಇಟ್ಟಿದ್ದಳು. ಎಲ್ಲಕ್ಕಿಂತ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿದ ಹುಲಿಗೆಮ್ಮನ ಫೋಟೋ, ಒಂದು ಪೊಟ್ಟಣ ಭಂಡಾರ.

ಅಕ್ಕ ಹಾಗೇ ಕೂತುಬಿಟ್ಟಳು. ಅವ್ವ ನಮ್ಮ ಜೊತೆ ನಿಂತು 22 ಪ್ರತಿಜ್ಞೆ ಹೇಳಿದವಳು. "ನಮಗ ಸುಳ್ಳು ಹೇಳಿದ್ಲೇನೋ?" ಅಂದಳು ಅಕ್ಕ. ನಾನು ಏನೂ ಹೇಳಲಿಲ್ಲ. ಫೋಟೋವನ್ನು ಕಸಕ್ಕೆ ಹಾಕಲು ಇಬ್ಬರಿಗೂ ಕೈ ಬರಲಿಲ್ಲ. ಈಗಲೂ ಹುಲಿಗಿಗೆ ನಡೆದುಕೊಳ್ಳುವ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆವು. ಅವರು ಅದನ್ನು ತಗೊಂಡು ಅಂದರು: "ನಿಮ್ಮವ್ವ ಮೂರು ಸಲ ನನ್ ಜೊತಿ ಬಂದಿದ್ಲಪ್ಪ. ಗುಡಿ ಒಳಗ ಬರ್ತಿರಲಿಲ್ಲ. ಹೋಗಾಗ ಬರಾಗ ಬಸ್ಸಿನಾಗ ಆ ಹುಡುಗನ ಸುದ್ದಿ ಮಾತಾಡ್ಕೆಂತ ಬರ್ತಿದ್ಲು. ಮನ್ಯಾಗ ಮಾತಾಡಿದ್ರ ನೀವು ಅಳ್ತೀರಂತ."

ಬಂಧುಗಳೇ, ತಮ್ಮ ಹೋದಾಗ ನಮ್ಮ ಬಳಗದವರೆಲ್ಲ ಬಂದಿದ್ದರು. ತ್ರಿಸರಣ, ಪಂಚಶೀಲ ಹೇಳಿ ಕಾರ್ಯ ಚೆನ್ನಾಗಿ ಮಾಡಿದರು. ಆಮೇಲೆ? ಆಮೇಲೆ ಯಾರೂ ಬರಲಿಲ್ಲ. ಮಗನಾದ ನಾನೇ ಬಳ್ಳಾರಿಯಿಂದ ತಿಂಗಳಿಗೊಮ್ಮೆ ಹೋಗಿ, ಅನಿತ್ಯದ ಬಗ್ಗೆ ನಾಲ್ಕು ಮಾತು ಆಡಿ ಬರುತ್ತಿದ್ದೆ. ಅವ್ವನ ಪಕ್ಕ ಕೂತು ಕೇಳಿದವರು ಆ ಅಜ್ಜಿ. ಗೋಡೆಯಿಂದ ದೇವರ ಫೋಟೋ ಇಳಿಸುವುದು ಒಂದು ದಿನದ ಕೆಲಸ. ಆ ಖಾಲಿ ಜಾಗದಲ್ಲಿ ನಾವು ಹೋಗಿ ನಿಲ್ಲದಿದ್ದರೆ ಅದು ಟ್ರಂಕಿನೊಳಗೆ ಹೋಗಿ ಕೂತಿರುತ್ತದೆ. ತಪ್ಪು ಅವ್ವನದು ಅಂತ ನನಗೆ ಅನ್ನಿಸುವುದಿಲ್ಲ.

ಬಾಬಾಸಾಹೇಬರಿಗಿಂತ ದುಃಖ ಕಂಡವರು ಯಾರು? ಗಂಗಾಧರ, ರಮೇಶ, ಇಂದು, ರಾಜರತ್ನ, ನಾಲ್ಕು ಕೂಸುಗಳನ್ನು ಮಣ್ಣಿಗೆ ಕೊಟ್ಟರು. ರಮಾಯಿ ಪಂಢರಪುರಕ್ಕೆ ಹೋಗಬೇಕೆಂದು ಆಸೆಪಟ್ಟಾಗ, ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ಬೇಡ, ಬೇರೆಯದನ್ನೇ ಕಟ್ಟೋಣ ಅಂದರು. 1935ರ ಮೇ 27ಕ್ಕೆ ರಮಾಯಿಯೂ ಹೋದರು. ಐದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 13ರಂದು ಯೇವಲೆಯ ಘೋಷಣೆ. ಅಲ್ಲಿಂದ ನಾಗಪುರದ ದೀಕ್ಷೆಗೆ 21 ವರ್ಷ. ಅಂದು ಅವರ ಜೊತೆ ಲಕ್ಷಾಂತರ ಜನರಿದ್ದರು. ಸಂಘಂ ಸರಣಂ ಗಚ್ಛಾಮಿ ಎಂದು ದಿನಾ ಹೇಳುತ್ತೇವೆ. ಒಳ್ಳೆಯ ಗೆಳೆತನ ಈ ದಾರಿಯ ಅರ್ಧ ಎಂದ ಆನಂದನನ್ನು ಭಗವಾನರು ತಿದ್ದಿದರು, ಅರ್ಧವಲ್ಲ, ಪೂರ್ತಿ ಎಂದು. ಕಿಸಾಗೋತಮಿಗೂ ಸಾಸಿವೆ ಸಿಗಲಿಲ್ಲ, ಆದರೆ ಮನೆಮನೆಯಲ್ಲೂ ತನ್ನಂತೆ ಕಳೆದುಕೊಂಡವರು ಸಿಕ್ಕರು. ಆ ತಾಯಿಗೆ ನಾನು ಭಾನುವಾರ ಹೇಳಬೇಕಿದ್ದದ್ದು ಇದು. ನಮ್ಮ ಮೇಲೆ ಹಾಕ್ರವ್ವ, ಅನ್ನಬೇಕಿತ್ತು.

ಸಾಮಾನು ಏನಾಯಿತು ಅಂತ ಕೇಳುತ್ತೀರಿ. ಲೋಟ, ತಟ್ಟೆ ವಿಹಾರಕ್ಕೆ ಕೊಟ್ಟೆವು. ಬುದ್ಧ ಪೂರ್ಣಿಮೆಯಂದು ಪಾಯಸ ಕುಡಿದದ್ದು ಅದರಲ್ಲೇ. ಅವ್ವ ಅಂದ 'ಬಂದೋರು' ನೀವೇ ಆದಿರಿ. ಸೀರೆ, ಅಂಗಿಗಳನ್ನು ಅಕ್ಕ ಕೌದಿ ಮಾಡಿಸಿದಳು. ಹಳೆಯ ಚೀವರ ಏನು ಮಾಡುತ್ತೀರಿ ಎಂದು ಉದಯನ ರಾಜ ಕೇಳಿದಾಗ ಆನಂದ ಹೇಳಿದ್ದೂ ಹೀಗೇ: ಹೊದಿಕೆಯಾಗುತ್ತದೆ, ಆಮೇಲೆ ನೆಲಹಾಸು, ಆಮೇಲೆ ಒರಸುವ ಬಟ್ಟೆ, ಕೊನೆಗೆ ಮಣ್ಣಿನಲ್ಲಿ ಕಲಸಿ ಗೋಡೆಗೆ ಮೆತ್ತುತ್ತೇವೆ. ತಮ್ಮನ ನೀಲಿ ಅಂಗಿ ಕೌದಿಯ ನಡುವಿಗೆ ಬಂದಿದೆ. ನೆಗ್ಗಿದ ತಟ್ಟೆಯನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಈ ಶನಿವಾರ ಸಂಜೆ ಅಕ್ಕ, ನಾನು ಸಿರುಗುಪ್ಪದ ಆ ತಾಯಿಯ ಮನೆಗೆ ಹೋಗುತ್ತಿದ್ದೇವೆ. ಅವರನ್ನು ಕೇಳಿಯೇ ಇಲ್ಲಿ ಬರೆದಿದ್ದೇನೆ. ಪ್ರವಚನ ಇಲ್ಲ, ಸುಮ್ಮನೆ ಕೂತು ಮಾತಾಡಿ ಬರುವುದು. ಬರುವವರು ಐದು ಗಂಟೆಗೆ ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಬನ್ನಿ. ಏನೂ ತರಬೇಡಿ, ಹಣ್ಣು ಕೂಡ.

ಭವತು ಸಬ್ಬ ಮಂಗಲಂ. ಜೈ ಭೀಮ್.