ಪ್ರಶ್ನೆ ಕೇಳುವ ಬ್ಯಾಚ್ ಕಡತ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಯಾವ ಜಿಲ್ಲೆಯಲ್ಲಿದೆ? ಆ ಊರಿನ ಹಿರಿಯರನ್ನು ಕೇಳಿದರೆ ಬಳ್ಳಾರಿ ಎಂದಾರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ತಾಲ್ಲೂಕು ಅದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಮೂರು ಸಲ ಬದಲಾಯಿತು. 1998ರಲ್ಲಿ ಯಾರಾದರೂ ‘ದಾವಣಗೆರೆ’ ಎಂಬ ಪದವನ್ನು ಗಣಕದ ಆಜ್ಞೆಯೊಳಗೇ ಬರೆದಿಟ್ಟಿದ್ದರೆ, ಅದನ್ನು ಎರಡು ಸಲ ತಿದ್ದಬೇಕಾಗುತ್ತಿತ್ತು. ಬದಲಾಗುವ ಸಂಗತಿಯನ್ನು ಬರೆದಿಡುವ ಬದಲು ಕೆಲಸ ಮಾಡುವವರನ್ನೇ ಕೇಳುವಂತೆ ಮಾಡಬಹುದಲ್ಲವೇ? ಇಂದು ನಿಮಗೆ ಕಲಿಸಬೇಕೆಂದಿರುವುದು ಅದನ್ನೇ. ಗಣಕದಲ್ಲಿ ಕಡತ ತೆರೆಯಲು, ಉಳಿಸಲು ಬಂದರೆ ಸಾಕು, ಬೇರೇನೂ ತಿಳಿದಿರಬೇಕಾಗಿಲ್ಲ.

ಮೊದಲು ಬ್ಯಾಚ್ ಕಡತ ಎಂದರೇನು ಎಂದು ನೋಡೋಣ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಿದೆ. ಅದರಲ್ಲಿ ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಿದರೆ ಗಣಕ ಆ ಕೆಲಸ ಮಾಡುತ್ತದೆ. ದಿನವೂ ಬರೆಯುವ ಅಂಥ ಸಾಲುಗಳನ್ನು ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೊಂದು ಬರೆದು, ಹೆಸರಿನ ಕೊನೆಗೆ ‘ಡಾಟ್ ಬ್ಯಾಟ್’ ಸೇರಿಸಿ ಉಳಿಸಿದರೆ ಅದೇ ಬ್ಯಾಚ್ ಕಡತ. ಉಳಿಸುವಾಗ ಕಡತದ ಬಗೆಯಲ್ಲಿ ‘ಆಲ್ ಫೈಲ್ಸ್’ ಆರಿಸಿಕೊಳ್ಳಿ, ಇಲ್ಲದಿದ್ದರೆ ಅದು ಬರೀ ಬರಹದ ಕಡತವಾಗಿ ಉಳಿದುಬಿಡುತ್ತದೆ. ಇನ್ನೊಂದು ಮಾತು: ಇಲ್ಲಿ ನಾನು ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೀಲಿಮಣೆಯಲ್ಲಿ ನೀವು ಒತ್ತಬೇಕಾದದ್ದು ಇಂಗ್ಲಿಷ್ ಅಕ್ಷರಗಳನ್ನೇ.

ಪ್ರಶ್ನೆ ಕೇಳುವ ಆಜ್ಞೆಯ ಹೆಸರು ‘ಸೆಟ್’. ಅದರ ಮುಂದೆ ಓರೆಗೆರೆ ಹಾಕಿ ‘ಪಿ’ ಅಕ್ಷರ ಬರೆಯಬೇಕು. ಹೀಗೆ:

ಸೆಟ್ /ಪಿ "ಊರು=ನಿಮ್ಮ ಊರು ಯಾವುದು? "

ಈ ಸಾಲಿನಲ್ಲಿ ಸಮ ಚಿಹ್ನೆಯ ಎಡಕ್ಕಿರುವ ‘ಊರು’ ಚರ. ಚರವೆಂದರೆ ಉತ್ತರವನ್ನು ನೆನಪಿಟ್ಟುಕೊಳ್ಳಲು ಗಣಕಕ್ಕೆ ನೀವು ಕೊಡುವ ಹೆಸರು. ಬಲಕ್ಕಿರುವುದು ಪರದೆಯ ಮೇಲೆ ಕಾಣುವ ಪ್ರಶ್ನೆ. ಹರಪನಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗೆ?” ಎಂದು ಕೇಳಿ, ನೀವು ಹೇಳುವವರೆಗೆ ಕಾದು, ಆಮೇಲೆ ಚೀಟಿ ಹರಿಯುತ್ತಾರಲ್ಲ, ಈ ಸಾಲೂ ಹಾಗೆಯೇ ಕೇಳಿ ಕಾಯುತ್ತದೆ. ನೀವು ಉತ್ತರ ಬರೆದು ಎಂಟರ್ ಒತ್ತಿದ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತದೆ. ಆ ಉತ್ತರ ಬೇಕಾದಲ್ಲಿ ಚರದ ಹೆಸರನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆಯಿರಿ: %ಊರು%. ನೀವು ‘ಹಲವಾಗಲು’ ಎಂದು ಉತ್ತರಿಸಿದ್ದರೆ, ಗಣಕ ಅದನ್ನು ತೆಗೆದು ಅಲ್ಲಿ ‘ಹಲವಾಗಲು’ ಎಂದು ಇಡುತ್ತದೆ. ಪರದೆಗೆ ಬರಹ ಕಳಿಸುವ ‘ಎಕೋ’ ಆಜ್ಞೆಯೊಂದಿಗೆ ಇದನ್ನು ಮೊದಲು ಮಾಡಿ ನೋಡಿ. ಆಮೇಲೆ ಹೊಸ ಫೋಲ್ಡರ್ ಮಾಡುವ ‘ಎಂಡಿ’ ಆಜ್ಞೆಯ ಮುಂದೆ ಇಡಿ. ಊರಿನ ಹೆಸರು ಕೇಳಿ ಅದೇ ಹೆಸರಿನ ಫೋಲ್ಡರ್ ಮಾಡುವ ಕಡತ ನಿಮ್ಮ ಕೈಯಲ್ಲಿರುತ್ತದೆ.

ಇಷ್ಟನ್ನು ಯಾರಾದರೂ ಬೇಗ ಕಲಿಯುತ್ತಾರೆ. ಇನ್ನು ಮುಂದಿನದರ ಮೇಲೆ ನಿಧಾನವಾಗಿ ಗಮನವಿಡಿ.

ಕೇಳಿದ ಪ್ರಶ್ನೆಗೆ ಉತ್ತರ ಬರೆಯದೆ ಬರೀ ಎಂಟರ್ ಒತ್ತಿದರೆ ಏನಾಗುತ್ತದೆ? ಚರ ಖಾಲಿಯಾಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ಅದರಲ್ಲಿ ಮೊದಲು ಏನಿತ್ತೋ ಅದೇ ಉಳಿಯುತ್ತದೆ. ಅದೇ ಕಿಟಕಿಯಲ್ಲಿ ಸ್ವಲ್ಪ ಮುಂಚೆ ‘ಕೊಟ್ಟೂರು’ ಎಂದು ಬರೆದಿದ್ದರೆ, ಈಗ ಏನೂ ಬರೆಯದಿದ್ದರೂ ಕೆಲಸ ಕೊಟ್ಟೂರಿನ ಹೆಸರಿನಲ್ಲೇ ನಡೆಯುತ್ತದೆ. ಆದ್ದರಿಂದ ಕೇಳುವ ಮುನ್ನ ‘ಸೆಟ್ ಊರು=’ ಎಂದು, ಸಮ ಚಿಹ್ನೆಯ ನಂತರ ಏನೂ ಇಲ್ಲದೆ ಬರೆದು, ಚರವನ್ನು ಬರಿದು ಮಾಡಿ.

ಬರಿದಾದ ಚರದಿಂದಲೂ ಅಪಾಯವಿದೆ. ಫೋಲ್ಡರನ್ನು ಅದರೊಳಗಿನ ಎಲ್ಲದರ ಸಮೇತ ಅಳಿಸುವ ಆಜ್ಞೆಯಲ್ಲಿ ‘ಡಿ:\%ಊರು%’ ಎಂದು ಬರೆದಿದ್ದೀರಿ ಎಂದುಕೊಳ್ಳಿ. ಊರು ಖಾಲಿಯಿದ್ದರೆ ಉಳಿಯುವುದು ‘ಡಿ:\’ ಮಾತ್ರ, ಅಂದರೆ ಇಡೀ ಡಿ ಡ್ರೈವ್. ನಿಮ್ಮ ಅಷ್ಟೂ ಕಡತಗಳು ಅಲ್ಲಿರಬಹುದು. ಇದನ್ನು ತಡೆಯುವುದು ಒಂದೇ ಸಾಲು:

ಇಫ್ "%ಊರು%"=="" ಗೋಟು ಕೇಳು

‘ಇಫ್’ ಎಂದರೆ ಹೀಗಿದ್ದರೆ, ‘ಗೋಟು’ ಎಂದರೆ ಆ ಗುರುತಿಗೆ ಹೋಗು. ಪ್ರಶ್ನೆಯ ಮೇಲಿನ ಸಾಲಿನಲ್ಲಿ ‘:ಕೇಳು’ ಎಂದು ಗುರುತು ಹಾಕಿಡಿ. ಉತ್ತರ ಬರುವವರೆಗೂ ಕಡತ ಮತ್ತೆ ಮತ್ತೆ ಕೇಳುತ್ತದೆ. ಎರಡೂ ಬದಿಯ ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಉತ್ತರ ಖಾಲಿಯಿದ್ದಾಗ ಸಾಲು ಅರ್ಥ ಕೆಟ್ಟು ಕಡತವೇ ನಿಂತುಹೋಗುತ್ತದೆ.

ಉತ್ತರಗಳು ಇಂತಿಷ್ಟೇ ಎಂದು ಮೊದಲೇ ಗೊತ್ತಿದ್ದರೆ ಬರೆಯಲು ಬಿಡಬೇಡಿ, ಆರಿಸಲು ಹೇಳಿ. ಹಡಗಲಿಯನ್ನು ಒಬ್ಬರು ಹಡಗಲಿ ಎಂದೂ ಇನ್ನೊಬ್ಬರು ಹೂವಿನಹಡಗಲಿ ಎಂದೂ ಬರೆಯುತ್ತಾರೆ, ಗಣಕಕ್ಕೆ ಅವು ಎರಡು ಬೇರೆ ಊರು. ಆರಿಸುವ ಆಜ್ಞೆ ‘ಚಾಯ್ಸ್’. ಇದು 1993ರ ಎಂಎಸ್-ಡಾಸ್ 6ರಲ್ಲಿ ಬಂತು. ವಿಂಡೋಸ್ ಎಕ್ಸ್‌ಪಿಯಲ್ಲಿ ಇರಲಿಲ್ಲ, ವಿಸ್ಟಾದಿಂದ ಈಚೆಗೆ ಎಲ್ಲದರಲ್ಲೂ ಇದೆ. ಕೂಡ್ಲಿಗಿ 1, ಕೊಟ್ಟೂರು 2, ಹಗರಿಬೊಮ್ಮನಹಳ್ಳಿ 3, ಹಡಗಲಿ 4, ಹರಪನಹಳ್ಳಿ 5 ಎಂದು ಎಕೋದಿಂದ ತೋರಿಸಿ, ಕೆಳಗೆ ಹೀಗೆ ಬರೆಯಿರಿ:

ಚಾಯ್ಸ್ /ಸಿ 12345 /ಎಂ "ನಿಮ್ಮ ತಾಲ್ಲೂಕು"

ಈ ಐದು ಕೀಲಿಗಳನ್ನು ಬಿಟ್ಟು ಬೇರೆ ಅಕ್ಷರವನ್ನೋ ಅಂಕಿಯನ್ನೋ ಒತ್ತಿದರೆ ಗಣಕ ಒಪ್ಪುವುದಿಲ್ಲ, ಎಂಟರ್ ಕೂಡ ಬೇಕಿಲ್ಲ. ಎಷ್ಟನೆಯದನ್ನು ಒತ್ತಿದಿರಿ ಎಂಬುದು ‘ಎರರ್‌ಲೆವೆಲ್’ ಎಂಬಲ್ಲಿ ದಾಖಲಾಗುತ್ತದೆ. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಯಾವ ತಪ್ಪೂ ಆಗಿಲ್ಲ. ಆದರೆ ‘ಇಫ್ ಎರರ್‌ಲೆವೆಲ್ 2’ ಎಂದರೆ ಎರಡು ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ಆದ್ದರಿಂದ 5ರಿಂದ ಶುರುಮಾಡಿ 1ರ ಕಡೆಗೆ ಇಳಿಯುತ್ತಾ ಪರೀಕ್ಷಿಸಬೇಕು. ಮೇಲಿನಿಂದ 1, 2 ಎಂದು ಬರೆದರೆ ಹರಪನಹಳ್ಳಿಯವರು ಏನು ಒತ್ತಿದರೂ ಕೂಡ್ಲಿಗಿಗೇ ಹೋಗುತ್ತಾರೆ.

ಅಳಿಸುವ ಮುನ್ನ ಒಪ್ಪಿಗೆ ಕೇಳಲೂ ಚಾಯ್ಸ್ ಒಳ್ಳೆಯದು. ಹೌದು, ಇಲ್ಲ ಎಂಬುದಕ್ಕೆ ‘/ಸಿ’ಯ ಮುಂದೆ ಎಚ್, ಐ ಅಕ್ಷರಗಳನ್ನು ಕೊಡಿ. ‘/ಟಿ 20 /ಡಿ ಐ’ ಎಂದು ಸೇರಿಸಿದರೆ ಇಪ್ಪತ್ತು ಸೆಕೆಂಡು ಯಾರೂ ಏನೂ ಒತ್ತದಿದ್ದಾಗ ಉತ್ತರ ‘ಇಲ್ಲ’ ಎಂದೇ ಆಗುತ್ತದೆ. ಯಾರೂ ಉತ್ತರಿಸದಿದ್ದಾಗ ಕೆಲಸ ನಿಲ್ಲುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲೇ ತೋರಿಸಬೇಕೆಂಬ ಆಸೆ ನಿಮಗೆ ಬಂದೇ ಬರುತ್ತದೆ. ಹಳೆಯ ಕಪ್ಪು ಕಿಟಕಿ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದು, ಆದ್ದರಿಂದ ಸದ್ಯಕ್ಕೆ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಗಣಕದ ಮುಂದೆ ಕೂರುವವರಿಗೆ ತಮ್ಮ ಮಾತಿನಲ್ಲೇ ಪ್ರಶ್ನೆ ಕಾಣುವುದು ಮುಖ್ಯ.

ಇಂದೇ ಒಂದು ಪ್ರಶ್ನೆಯ ಕಡತ ಬರೆದು, ಬೇಕೆಂದೇ ಖಾಲಿ ಎಂಟರ್ ಒತ್ತಿ ನೋಡಿ. ಅದು ಮತ್ತೆ ಕೇಳಿದರೆ ಮುಂದುವರಿಯಿರಿ. ಕೇಳದೆ ಮುಂದೆ ಹೋದರೆ, ಅಳಿಸುವ ಆಜ್ಞೆಯನ್ನು ಅದಕ್ಕಿನ್ನೂ ಸೇರಿಸಬೇಡಿ.